ಟೂರೆಯ ಮುಚ್ಚಳ

ಅಲ್ಲ, ಅದಲ್ಲ, ಅದು ಪಕ್ಕದ ಮನೆಯ ಬೋರ್ಯೆಯ ಹುಲ್ಲು ಕತ್ತರಿಸುವ ಯಂತ್ರ, ಬೇಲಿಯುದ್ದಕ್ಕೂ ಹೋಗಿ ಬರುವ ಆ ಗೊರಗೊರ ಡಾಗ್ನಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ತಿರುವಿನಲ್ಲಿ ಅದರ ದನಿ ಏರಿದಾಗಲೆಲ್ಲ ಎದೆ ಒಂದು ಮೆಟ್ಟಿಲು ಹತ್ತಿ ಅಲ್ಲೇ ನಿಲ್ಲುತ್ತದೆ, ಬಂದಳೇ, ಇಲ್ಲ, ಬರಲಿಲ್ಲ — ಮಗಳ ಬೈಕಿನ ಸದ್ದೇ ಬೇರೆ, ಮರದ ಅಟ್ಟದ ಮೇಲೆ ಕುಂಟನೊಬ್ಬ ಓಡಿದ ಹಾಗೆ, ಎಂಜಿನ್ನು ಅಂದ್ರೆ ಸ್ವಲ್ಪ ಕುಂಟ್ಬೇಕು ಕಣೆ, ನೆಟ್ಟಗೆ ಓಡೋದು ಹೊಲಿಗೆ ಮಿಷನ್ನು ಎಂದು ಗಂಡ ಟೂರೆ ಹೇಳುತ್ತಿದ್ದ, ಹೇಳಿ ಕೆಮ್ಮುತ್ತಿದ್ದ, ಕೆಮ್ಮಿ ಒಲೆಯ ಮೇಲಿಂದ ಕಾಫಿ ಕೆಟಲು ಎತ್ತುತ್ತಿದ್ದ, ಬಗ್ಗಿಸುವಾಗ ಮುಚ್ಚಳ ಬೀಳದಂತೆ ಅದರ ತಾಮ್ರದ ಹಿಡಿಯನ್ನು ಹೆಬ್ಬೆರಳಿನಿಂದ ಒತ್ತಿಕೊಂಡು, ಆ ಹೆಬ್ಬೆರಳಿನ ಉಗುರಿನಲ್ಲಿ ಎಂದೂ ಹೋಗದ ಕಪ್ಪು. ಇವತ್ತು ಗುರುವಾರ, ಗುರುವಾರದ ರೂಢಿಯ ಬಟಾಣಿ ಸಾರು ಹಿಂದಿನ ಉರಿಯಲ್ಲಿ ಗುಳುಗುಳು ಅನ್ನುತ್ತಿದೆ, ಆಮೇಲೆ ಹಾಲು ಮೊಟ್ಟೆಯ ತೆಳು ದೋಸೆ, ಹಿಟ್ಟು ಕಲಸಿಯಾಗಿದೆ, ಮತ್ತೆ ಕಲಸುತ್ತಿದ್ದಾಳೆ, ಕೈಗೊಂದು ಕೆಲಸ ಇರಲಿ, ಚಮಚಕ್ಕೆಂದು ಸೆಳೆಖಾನೆ ಎಳೆದರೆ ಕಣ್ಣಿಗೆ ಬಿದ್ದದ್ದು ಚೀಸು ಹೆರೆಯುವ ಸಲಿಕೆ, ಅದರ ಬಾಯಿಯ ಹರಿತ, ಅದನ್ನು ಹಿಂದಕ್ಕೆ, ಬಟ್ಟೆಗಳ ಕೆಳಕ್ಕೆ ತಳ್ಳಿಬಿಟ್ಟಳು, ಯಾಕೆಂದರೆ ಬೈಕಿನವರೆಲ್ಲ ಮಗಳು ಹೋಗಿರುವ ಆ ದೊಡ್ಡ ರಸ್ತೆಯ ನಡುವಿನ ತಂತಿಬೇಲಿಗೆ ಇಟ್ಟಿರುವ ಹೆಸರು ಅದೇ, ಚೀಸು ಸಲಿಕೆ, ಕಾರಿನವರಿಗೆ ಅದು ಕಾಪಾಡುವ ಬೇಲಿ, ಎದುರಿನ ವಾಹನಕ್ಕೆ ಡಿಕ್ಕಿ ಆಗದಂತೆ ತಡೆಯುತ್ತದೆ, ಬೈಕಿನಿಂದ ಜಾರಿ ಬಿದ್ದವರನ್ನು ಮಾತ್ರ — ಬೇಡ, ಆ ಮಾತು ಬೇಡ, ಹಿಟ್ಟಿಗೆ ಉಪ್ಪು ಹಾಕಿದೆನೇ, ನೆನಪಿಲ್ಲ. ತಂತಿ ರಸ್ತೆಗೆ ಹೋಗ್ಬೇಡ್ವೇ, ಕಾಡಿನ ದಾರೀಲಿ ಓಡಿಸಿ ನೋಡು ಅಂದಿದ್ದಳು. ಅಮ್ಮ, ಕಾಡಿನ ದಾರಿಗೆ ಹೊಸ ಜಲ್ಲಿ ಸುರಿದಿದಾರೆ, ಅಲ್ಲಿ ಆಮೆ ಥರ ಹೋಗ್ಬೇಕು, ಆಮೆ ಥರ ಹೋದ್ರೆ ಬೈಕಿನ ಈ ಕಾಯಿಲೆ ಕಾಣಿಸ್ಕೊಳ್ಳಲ್ಲ, ಇವತ್ತು ಇದನ್ನ ಹಿಡಿದೇ ಬರೋದು ನಾನು. ಹೋಗುವಾಗ ಹಲ್ಲುಜ್ಜುವ ಪೇಸ್ಟಿನ ಮುಚ್ಚಳ ತೆರೆದೇ ಬಿಟ್ಟು ಹೋಗಿದ್ದಾಳೆ, ಹಾಲಿನ ಡಬ್ಬಿಯದೂ ಹಾಗೇ, ಇಪ್ಪತ್ತೇಳು ವರ್ಷ ಅದೇ ಹಾಡು, ಮುಚ್ಚಳ ಅಂತ ಒಂದು ವಸ್ತು ಈ ಭೂಮಿ ಮೇಲಿದೆ ಅಂತ ನಿನಗೆ ಯಾರೂ ಹೇಳ್ಕೊಟ್ಟಿಲ್ವಾ, ನೀನೇ ಹೇಳ್ಕೊಡ್ಬೇಕಿತ್ತಮ್ಮ ಅಂತ ನಗುತ್ತಾಳೆ, ಚಳಿಗಾಲದಲ್ಲಿ ಟ್ಯಾಂಕಿಗೆ ಬಳಿಯಲು ತಂದ ಕಡುಗೆಂಪು ಬಣ್ಣದ ಡಬ್ಬಿಯನ್ನೂ ಹಾಗೇ ತೆರೆದಿಟ್ಟು ಮಲಗಿ, ಬೆಳಿಗ್ಗೆ ಅದು ಕೆನೆಗಟ್ಟಿ, ಮತ್ತೆ ಹೊಸ ಡಬ್ಬಿ ತಂದು ಮತ್ತೆ ಬಳಿದಳು, ಪದರದ ಮೇಲೆ ಪದರ, ಕನ್ನಡಿಯಂತೆ ಮುಖ ಕಾಣುವವರೆಗೆ.

ಹಟ್ಟಿಯಲ್ಲಿ ಹುಲಿ, ಹಾದಿಯಲ್ಲಿ ಇಲಿ, ಬೋರ್ಯೆ ಆ ಬೈಕಿಗೆ ಕೊಟ್ಟ ಬಿರುದು, ನಿಜವೇ, ಶೆಡ್ಡಿನಲ್ಲಿ ಮಧ್ಯಾಹ್ನವಿಡೀ ಗುಡುಗುಟ್ಟಿಸಿದರೂ ಒಂದು ಸಲ ಕೆಮ್ಮುವುದಿಲ್ಲ, ರಸ್ತೆಗಿಳಿದು ಒಂದು ಕೆಟಲು ಕಾಫಿ ಕುದಿಯುವಷ್ಟು ಹೊತ್ತು ಹೋದರೆ ಸಾಕು, ಮೊದಲು ಒಂದು ಬಿಕ್ಕು, ಆಮೇಲೆ ಇನ್ನೊಂದು, ಆಮೇಲೆ ಕಾಲ ಕೆಳಗೆ ಏನೂ ಇಲ್ಲ, ಬರೀ ಗಾಳಿಯ ಸದ್ದು. ಅದರ ಚೌಕಟ್ಟು ಬೆಸೆದವನು ಟೂರೆ, ಮುಂದಿನ ಚಕ್ರ ಹಿಡಿಯುವ ಉದ್ದನೆಯ ಮುಂಗಾಲುಗಳನ್ನು ಕಡೆಸಿ ತಂದವನೂ ಅವನೇ, ಎಂಜಿನ್ನು ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಕೂರುತ್ತಿದ್ದದ್ದು, ಟ್ಯಾಂಕು ಯಾವ ಬೈಕಿನದೋ, ಎರಡನೆಯ ಚಳಿಗಾಲದಲ್ಲಿ ಅವನ ಮೂಗಿಗೆ ಆಮ್ಲಜನಕದ ಕೊಳವೆ ಬಂತು, ಬೆಸುಗೆಯ ಉರಿ ಹತ್ತಿರ ಹೋಗಬಾರದು ಅಂದರು, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಗಳಿಗೆ ಹೇಳಿಕೊಡುತ್ತಿದ್ದ, ಮಾತಿನ ನಡುವೆ ತುಟಿ ಸಣ್ಣಗೆ ಮಾಡಿ ಗಾಳಿ ಎಳೆದುಕೊಳ್ಳುತ್ತಿದ್ದ, ಉಸ್ಸ್, ಎಡಕ್ಕಲ್ಲ ಮಗಳೇ, ಉಸ್ಸ್, ಬಲಕ್ಕೆ. ಆ ಉಸ್ಸ್ ಇಡೀ ಮನೆಯಲ್ಲಿ ಇತ್ತು, ಒಂದು ದಿನ ಇರಲಿಲ್ಲ, ಆ ಇಲ್ಲದಿರುವಿಕೆಗೇ ಎಚ್ಚರವಾಗಿ ಅವಳು ಪಕ್ಕಕ್ಕೆ ಕೈ ಚಾಚಿದಳು. ಬೈಕು ಮುಗಿಸಿದ್ದು ಮಗಳು ಟಿಲ್ಡಾ, ಕೆಟ್ಟದ್ದನ್ನು ಹುಡುಕಿದ್ದು ಮೂವರೂ. ಬೋರ್ಯೆ ಮೊದಲು ಕಿಡಿಯನ್ನೇ ಹಿಡಿದ, ಪೆಟ್ರೋಲಿನ ಕಾಯಿಲೆ ಅಂತ ಬಂದವರಿಗೆಲ್ಲ ಇರೋದು ಕಿಡಿಯ ಕಾಯಿಲೆ ಕಣ್ರೇ, ಪ್ಲಗ್ಗು ಬದಲಾಯಿತು, ಸುರುಳಿ ಬದಲಾಯಿತು, ಸತ್ತ ಕೂಡಲೇ ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ನೀಲಿಯಾಗಿ ಟಕಟಕ ಹಾರುತ್ತಿದೆ, ಹಾಗಾದರೆ ಪೆಟ್ರೋಲೇ, ಕಾರ್ಬುರೇಟರು ಇದೇ ಅಡುಗೆಮನೆ ಮೇಜಿನ ಮೇಲೆ ಹಳೇ ಪೇಪರು ಹಾಸಿ ಬಿಚ್ಚಿದರು, ತೇಲುಬುರುಡೆಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದರು, ಬರಲಿಲ್ಲ, ಟ್ಯಾಂಕಿನ ನಲ್ಲಿ ಬಿಚ್ಚಿ ಒಳಗಿನ ಜರಡಿ ತೊಳೆದರು, ನಲ್ಲಿ ತಿರುವಿ ಬಾಟಲಿಗೆ ಬಿಟ್ಟರೆ ಪೆಟ್ರೋಲು ಹಾಲು ಕರೆದ ಹಾಗೆ ಧಾರಾಕಾರ. ಆಮೇಲೆ ಹೊಳೆದದ್ದು ಬಿಸಿ. ಕೊಳವೆ ಹೊಗೆನಳಿಗೆಯ ಪಕ್ಕದಲ್ಲೇ ಹಾಯುತ್ತೆ ನೋಡಿ, ಒಳಗೆ ಪೆಟ್ರೋಲು ಕುದ್ದು ಆವಿಯಾಗಿ ದಾರಿ ಕಟ್ಟುತ್ತೆ, ಅದಕ್ಕೇ ಸ್ವಲ್ಪ ಹೊತ್ತು ನಿಲ್ಸಿದ್ರೆ ತಣ್ಣಗಾಗಿ ಮತ್ತೆ ಹೊರಡುತ್ತೆ, ಬೋರ್ಯೆ ಚಿಟಿಕೆ ಹೊಡೆದ, ಕೊಳವೆಗೆ ಬಟ್ಟೆ ಸುತ್ತಿದರು, ಮರದ ಬಟ್ಟೆ ಕ್ಲಿಪ್ಪು ಸಾಲಾಗಿ ಕಚ್ಚಿಸಿದರು, ಬಿಸಿ ಹೀರುತ್ತದಂತೆ, ಡಾಗ್ನಿಯ ಒಗೆದ ಬಟ್ಟೆಯೆಲ್ಲ ಹಿಡಿತವಿಲ್ಲದೆ ತಂತಿಯಿಂದ ಹುಲ್ಲಿಗೆ ಹಾರಿಬಿದ್ದವು, ನಿಮ್ಮ ಬೈಕು ಬಟ್ಟೆ ಒಣಗಿಸೋಕೆ ಹೋಗ್ತಿದ್ಯೋ ಏನೋ ಅಂದಳು, ಎಲ್ಲರೂ ನಕ್ಕರು, ಬೈಕು ಮಾತ್ರ ಅದೇ ಜಾಗದಲ್ಲಿ ಮತ್ತೆ ಸತ್ತಿತು. ತಲೆಕೆಳಗಾದ ಇನ್ನೊಂದು ಸಂಗತಿಯೂ ಇತ್ತು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲಿದ್ದರೆ ಬಹಳ ದೂರ ಬರುತ್ತಿತ್ತು, ತುಂಬಿಸಿದ ದಿನ ಬೇಗ ಸಾಯುತ್ತಿತ್ತು, ಹೊಟ್ಟೆ ತುಂಬಿದ್ರೆ ಯಾರಿಗಾದ್ರೂ ನಿದ್ದೆ ಬರುತ್ತಪ್ಪಾ ಅಂದ ಬೋರ್ಯೆ, ಅದನ್ನು ಯಾರೂ ಹಿಂಜಿ ನೋಡಲಿಲ್ಲ. ಒಂದು ಸಲ ಡಾಗ್ನಿಯೂ ಹಿಂದೆ ಕೂತಿದ್ದಳು, ಇಳಿಜಾರಿನಲ್ಲಿ, ಹಿಂದಿನಿಂದ ಮರದ ದಿಮ್ಮಿ ಹೊತ್ತ ಲಾರಿ, ಬಿಕ್ಕು ಬಂದಾಗ ಮಗಳ ಬೆನ್ನು ಮರದಂತೆ ಬಿಗಿಯಾದದ್ದು ತನ್ನ ಎದೆಗೇ ತಾಗಿತು, ಲಾರಿಯ ಹಾರನ್ನು ಬೆನ್ನಹುರಿಯನ್ನೇ ಹಿಡಿದು ಅಲ್ಲಾಡಿಸಿತು, ಹೇಗೋ ಅಂಚಿಗೆ ಬಂದರು, ನೆಲ್ಲಿಯಂಥ ಕಾಡುಹಣ್ಣಿನ ಪೊದೆಯೊಳಗೆ ಕಾಲಿಟ್ಟು ನಿಂತರು, ಟಿಲ್ಡಾ ಪೆಟ್ರೋಲು ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು, ಉಸ್ಸ್ ಅಂತ ನಿಟ್ಟುಸಿರು ಬಿಡ್ತು ನೋಡಮ್ಮಾ, ಥೇಟ್ ಅಪ್ಪ, ಅಂದಳು, ಒಳಗೆ ಬಗ್ಗಿ ನೋಡಿ ಅಲ್ಲಾಡಿಸಿದಳು, ಬೇಕಾದಷ್ಟಿದೆ, ಮತ್ತೆ ಮುಚ್ಚಿದಳು, ಒದ್ದಳು, ಹೊರಟಿತು.

ಫೋನು ಬಡಿದುಕೊಂಡಿತು, ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು, ಸತ್ತಿತಮ್ಮಾ, ಮತ್ತೆ ಸತ್ತಿತು, ಚರ್ಚಿನ ತಿರುವಿನ ಬಸ್ ನಿಲ್ದಾಣದ ಹತ್ರ, ಇಲ್ಲ ಇಲ್ಲ ನಾನು ಚೆನ್ನಾಗಿದೀನಿ, ಅಂಚಿನಲ್ಲೇ ತಳ್ಕೊಂಡ್ ಬಂದೆ, ನಿಲ್ದಾಣದ ಬೆಂಚಿನ ಮೇಲೆ ಕೂತಿದೀನಿ, ನೋಡು ಎಂಥಾ ವಿಚಿತ್ರ ಅಂದ್ರೆ ಈಗಷ್ಟೇ ಬಂಕಿನಲ್ಲಿ ಟ್ಯಾಂಕು ತುಂಬಿಸಿದ್ದೆ, ಆಮೇಲೆ ಇಷ್ಟು ಬೇಗ ಯಾವತ್ತೂ ಸತ್ತಿರ್ಲಿಲ್ಲ, ನಾನೇನು ಮಾಡ್ತೀನಿ ಅಂದ್ರೆ ಹೀಗೇ ತಂತಿ ರಸ್ತೇಲೇ ವಾಪಸ್ ಬರ್ತೀನಿ. ಬೇಡ್ವೇ. ಇಲ್ಲಿಂದ ಬೇರೆ ದಾರಿ ಎಲ್ಲಿದೆ ಅಮ್ಮ, ಬೈಕು ಹೆಗಲ ಮೇಲೆ ಹೊತ್ಕೊಂಡು ಕಾಡು ದಾಟಲಾ. ಬೋರ್ಯೆ ಕಾರಿನ ಹಿಂದೆ ಗಾಡಿ ಕಟ್ಕೊಂಡು ಬರ್ತಾನೆ ಅಲ್ಲೇ ಇರು. ಅಯ್ಯೋ, ಅವನು ಅರ್ಧ ಹುಲ್ಲು ಕತ್ತರಿಸಿ ಬಿಟ್ಟು ಬರಲ್ಲ, ನನಗೆ ಹಸಿವು, ದೋಸೆ ಹಾಕಿಡು. ಆಗ ಡಾಗ್ನಿಯ ಬಾಯಿಂದ ಬಂತು, ತಾಯ ಬಾಯಿಗೆ ತಾನಾಗಿ ಬರುವ ಮಾತು, ಮುಚ್ಚಳ ಗಟ್ಟಿಯಾಗಿ ತಿರುಗಿಸು, ಕೇಳಿಸ್ತಾ, ಬಣ್ಣದ ಮೇಲೆ ಪೆಟ್ರೋಲು ಚೆಲ್ಲೀತು, ಒಳಗಿನ ಕಾರ್ಕು ಕಿರ್ ಅನ್ನೋವರೆಗೆ ತಿರುಗಿಸು. ಆಯ್ತಮ್ಮಾ, ಆಯ್ತು, ಅಂದಳು, ಇಟ್ಟಳು. ಇವಳು ಬಾಣಲೆಗೆ ಬೆಣ್ಣೆ ಹಾಕಿದಳು, ಮೊದಲ ದೋಸೆ ಎಂದಿನಂತೆ ಹರಿದುಹೋಯಿತು, ಹೋಗಲಿ, ಜಾಮು ತೆಗೆದಿಡೋಣ ಎಂದು ನೆಲಮಾಳಿಗೆಯಿಂದ ತಂದ ಹೋದ ವರ್ಷದ ಶೀಸೆ ಕೈಗೆತ್ತಿಕೊಂಡಳು, ಹಳದಿ ಹಣ್ಣಿನದು, ಜೌಗಿನಲ್ಲಿ ಟೂರೆ ಕುರ್ಚಿ ಹಾಕಿ ಕೂತು ಸೊಳ್ಳೆ ಹೊಡೆಯುತ್ತಿದ್ದಾಗ ಇವಳು ಆಯ್ದದ್ದು, ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ, ಬಟ್ಟೆ ಸುತ್ತಿ ತಿರುಗಿಸಿದಳು, ಇಲ್ಲ, ಚಾಕುವಿನ ಮೊನೆ ಅಂಚಿಗೆ ಕೊಟ್ಟು ಮೀಟಿದಳು, ಉಸ್ಸ್ — ಅಂದಿತು ಶೀಸೆ, ಮುಚ್ಚಳದ ನೆತ್ತಿ ಟಕ್ಕೆಂದು ಮೇಲೆದ್ದಿತು, ಮತ್ತೆ ಅದು ಬೆಣ್ಣೆಯಂತೆ ತಿರುಗಿತು. ಅವಳು ಚಾಕು ಹಿಡಿದುಕೊಂಡೇ ನಿಂತಳು. ಶೀಸೆ ನಿಟ್ಟುಸಿರು ಬಿಡಲಿಲ್ಲ. ಶೀಸೆ ಎಳೆದುಕೊಂಡಿತು. ಪೊದೆಯ ಪಕ್ಕದಲ್ಲಿ ಟ್ಯಾಂಕು ಬಿಟ್ಟದ್ದೂ ಉಸಿರಲ್ಲ, ಎಳೆದುಕೊಂಡ ಉಸಿರು, ಟೂರೆ ಕೂಡ ಬಿಡುತ್ತಿರಲಿಲ್ಲವಲ್ಲ, ಎಳೆದುಕೊಳ್ಳುತ್ತಿದ್ದ, ಸಿಗದೆ ಎಳೆದುಕೊಳ್ಳುತ್ತಿದ್ದ — ಒಳಗಿನದು ಖಾಲಿಯಾಗುತ್ತ ಹೋದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು, ಗಾಳಿಗೆ ದಾರಿ ಇಲ್ಲ, ಹೊಟ್ಟೆಯೊಳಗೆ ಹೊಟ್ಟೆ ಅಂಟಿಕೊಂಡು ಪೆಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿದುಕೊಳ್ಳುತ್ತದೆ, ಒಂದು ತೊಟ್ಟೂ ಇಳಿಯಗೊಡುವುದಿಲ್ಲ, ತುಂಬಿದ ಟ್ಯಾಂಕಿನಲ್ಲಿ ಇರುವ ಗಾಳಿಯೇ ಬೆರಳಗಲದಷ್ಟು, ಅದಕ್ಕೇ ಬೇಗ, ಅದಕ್ಕೇ ಬೇಗ. ಪ್ರತಿ ಸಲವೂ ಪೆಟ್ರೋಲು ಇದೆಯೋ ಎಂದು ನೋಡಲು ಮುಚ್ಚಳ ತೆಗೆದರು, ನೋಡಿದ್ದೇ ಮದ್ದಾಯಿತು, ಅವರು ತಣ್ಣಗಾಯಿತು ಅಂದುಕೊಂಡರು. ಶೆಡ್ಡಿನಲ್ಲಿ ಟಿಲ್ಡಾ ಮುಚ್ಚಳ ಹಾಕುವುದೇ ಇಲ್ಲ, ಶೆಡ್ಡಿನಲ್ಲಿ ಅದು ಸಾಯುವುದೇ ಇಲ್ಲ. ಮತ್ತೆ ಟ್ಯಾಂಕಿನ ಆ ಮುಚ್ಚಳ, ದೇವರೇ, ಆ ಮುಚ್ಚಳದ ನೆತ್ತಿಯಲ್ಲಿ ಒಂದು ತೂತಿತ್ತು, ಅವಳೇ ಉಜ್ಜಿ ಬೆಳಗಿದ್ದಳು, ಬಟ್ಟೆಯ ಎಳೆಯೊಂದು ಆ ಸೂಜಿತೂತಿಗೆ ಸಿಕ್ಕಿಕೊಂಡಿತ್ತು, ಕಿತ್ತು ತೆಗೆದಿದ್ದಳು. ಬೈಕು ಕಟ್ಟುವವರಲ್ಲಿ ರೂಢಿ, ಹೋದವನ ಒಂದು ವಸ್ತು ಅವನ ಬೈಕಿನ ಮೇಲೆ ಕೂರಬೇಕು, ಒಬ್ಬನ ಉಂಗುರ, ಇನ್ನೊಬ್ಬನ ಬೆಲ್ಟಿನ ಕೊಂಡಿ, ಟೂರೆಯದು ಏನು ಎಂದು ಯಾರೂ ಕೇಳಲೇ ಇಲ್ಲ, ತಳ ಸುಟ್ಟುಹೋದ ಕೆಟಲಿನ ಮುಚ್ಚಳದಿಂದ ತಾಮ್ರದ ಹಿಡಿಯನ್ನು ಬೋರ್ಯೆ ಕತ್ತರಿಸಿ ತಂದ, ಅವತ್ತು ಡಾಗ್ನಿ ಏಲಕ್ಕಿ ಬ್ರೆಡ್ಡು ಬೇಯಿಸಿದ್ದಳು, ಕಾಫಿ, ಬೋರ್ಯೆ ಟ್ಯಾಂಕಿನ ಮುಚ್ಚಳವನ್ನು ಬೆಳಕಿಗೆ ಹಿಡಿದು, ನಡುಮಧ್ಯ ಎಲ್ಲಿ ಅಂತ ಅಳೆಯೋದೇ ಬೇಡ, ಇಲ್ಲೇ ಚುಕ್ಕೆ ಇಟ್ಟು ಕಳ್ಸಿದಾರೆ ನೋಡಿ ಅಂದ, ಆ ಚುಕ್ಕೆಯ ಮೇಲೇ ಹಿಡಿಯನ್ನು ನಿಲ್ಲಿಸಿದ, ತವರದ ಬೆಸುಗೆ ಬೆಳ್ಳಿಯ ಹನಿಯಾಗಿ ಹರಿದು ಸುತ್ತ ತುಂಬಿಕೊಂಡಿತು, ಚೆಂದ ಆಯಿತು, ಆರಿದ ಮೇಲೆ ಒಬ್ಬೊಬ್ಬರೂ ಅವನ ಹಾಗೇ ಹೆಬ್ಬೆರಳಿಟ್ಟು ಒತ್ತಿದರು, ಮೊದಲು ಟಿಲ್ಡಾ, ಆಮೇಲೆ ತಾನು. ಮೂವರೂ ಕೂಡಿ ಅವನ ಮೂಗು ಬಾಯಿ ಮುಚ್ಚಿ —

ಫೋನು, ಎಲ್ಲಿ ಫೋನು, ಹಿಟ್ಟಿನ ಬೆರಳು ಅದರ ಮೇಲೆ ಜಾರುತ್ತದೆ, ಮಗಳ ಹೆಸರು, ಒತ್ತು, ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳುತ್ತಲೇ ಇದೆ, ಎತ್ತುವುದಿಲ್ಲ, ಎತ್ತುವುದಿಲ್ಲ ಎಂದರೆ ಹೊರಟಿದ್ದಾಳೆ, ತೊಗಲು ಜಾಕೀಟಿನ ಒಳಜೇಬಿನಲ್ಲಿ ಅದು ಹೃದಯದ ಪಕ್ಕದಲ್ಲೇ ನಡುಗುತ್ತಿರುತ್ತದೆ, ಎಂಜಿನ್ನಿನ ನಡುಕದಲ್ಲಿ ಅದು ಯಾವ ಲೆಕ್ಕ, ಮತ್ತೆ ಒತ್ತಿದಳು. ಚರ್ಚಿನ ತಿರುವು ದಾಟಿದರೆ ಸ್ವಲ್ಪ ದೂರ ಎರಡು ಸಾಲು, ಆಮೇಲೆ ರಸ್ತೆ ಒಂದೇ ಸಾಲಿಗೆ ಕಿರಿದಾಗುತ್ತದೆ, ಎಡಕ್ಕೆ ತಂತಿ, ಬಲಕ್ಕೆ ತೋಳಿನಗಲದ ಅಂಚು, ಅದರಾಚೆ ಬಂಡೆ ಕಡಿದ ಗೋಡೆ, ನಿಲ್ಲಲು ಜಾಗವಿಲ್ಲ, ತಿರುಗಲು ಜಾಗವಿಲ್ಲ, ಹಿಂದೆ ದಿಮ್ಮಿ ಲಾರಿ, ಈ ಹೊತ್ತಿಗೆ ಎಲ್ಲ ಲಾರಿಗಳೂ ಗಿರಣಿ ಮುಚ್ಚುವ ಮುಂಚೆ ಮುಟ್ಟಬೇಕೆಂದು ಒಂದರ ಬಾಲಕ್ಕೆ ಒಂದು, ಮತ್ತೆ ಟ್ಯಾಂಕು ತುಂಬಿದೆ, ತುಂಬಿದೆ ಎಂದರೆ ಅಲ್ಲೇ, ಸರಿಯಾಗಿ ಅಲ್ಲೇ, ಅರ್ಧ ಟ್ಯಾಂಕಿದ್ದರೆ ಮನೆ ಮುಟ್ಟುತ್ತಿದ್ದಳೇನೋ, ಕಾರ್ಕು ಕಿರ್ ಅನ್ನೋವರೆಗೆ ತಿರುಗಿಸು ಎಂದು ಹೇಳಿದ್ದು ಯಾರು, ಜೀವಮಾನವಿಡೀ ಮುಚ್ಚು ಮುಚ್ಚು ಎಂದು ಕಾಡಿದ್ದು ಯಾರು, ಮಗಳ ಹೆಬ್ಬೆರಳು, ಅಪ್ಪನದೇ ಅಗಲದ ಹೆಬ್ಬೆರಳು, ಆ ತಾಮ್ರದ ಹಿಡಿಯ ಮೇಲೆ, ತಿರುಗಿಸುತ್ತಿದೆ, ಕಿರ್. ಒಲೆ ಆರಿಸಿದಳೋ ಇಲ್ಲವೋ, ಬಾಗಿಲು, ಮೆಟ್ಟಿಲು, ಒಂದು ಕಾಲಿಗೆ ಮರದ ಚಪ್ಪಲಿ, ಇನ್ನೊಂದಕ್ಕೆ ಬರೀ ಹುಲ್ಲು, ಬೋರ್ಯೇ, ಬೋರ್ಯೇ, ಅವನು ಕಿವಿಗೆ ಸದ್ದು ತಡೆಯುವ ಬಟ್ಟಲು ಹಾಕಿಕೊಂಡು ನೆಟ್ಟ ಗೆರೆ ನೋಡುತ್ತ ಹೋಗುತ್ತಿದ್ದಾನೆ, ಓಡಿಹೋಗಿ ತೋಳು ಹಿಡಿದೆಳೆದಳು, ಏನೇ ಡಾಗ್ನಿ, ಸಾರು ಸೀದೋಯ್ತಾ. ತೂತು, ಅಂದಳು. ಯಾವ ತೂತು. ಮುಚ್ಚಳದ ತೂತು ಕಣೋ, ನೀನು ಚುಕ್ಕೆ ಅಂದ್ಯಲ್ಲ, ಅದು ಅದರ ಮೂಗು. ಅವನ ಮುಖದಲ್ಲಿ ನಗು ಇನ್ನೂ ಇತ್ತು, ನಗು ಅಲ್ಲೇ ಇದ್ದು ಅದರ ಹಿಂದಿನ ಮನುಷ್ಯ ಮಾತ್ರ ಹೊರಟುಹೋದ ಹಾಗೆ, ಯಂತ್ರ ತಾನಾಗಿ ನಿಂತಿತು, ಈಗ ಎಲ್ಲಿದಾಳೆ, ಅಂದ. ಚರ್ಚು ತಿರುವಿನಿಂದ ಹೊರಟಿದಾಳೆ. ಟ್ಯಾಂಕಿನಲ್ಲಿ ಎಷ್ಟಿದೆ. ತುಂಬ. ಅವನು ಕಾರಿನ ಬೀಗದ ಕೈ ಹುಡುಕುತ್ತ ಎಲ್ಲ ಜೇಬನ್ನೂ ತಟ್ಟಿಕೊಂಡ, ಎಲ್ಲ ಜೇಬಿನಿಂದಲೂ ಮೊಳೆ, ತಿರುಪು, ಹುಲ್ಲು, ಬೀಗದ ಕೈ ಸಿಗಲಿಲ್ಲ, ಒಳಗೆ ಓಡಿದ, ಆ ದಪ್ಪ ಮನುಷ್ಯ ಓಡುವುದನ್ನು ಅವಳು ಎಂದೂ ನೋಡಿರಲಿಲ್ಲ. ಗೇಟಿನ ಹತ್ತಿರ ಬಂದು ನಿಂತಳು, ಕಲ್ಲು ಬಿಸಿಲಿಗೆ ಬೆಚ್ಚಗಿದೆ, ಎಲ್ಲೋ ಕೋಗಿಲೆ, ಯಾವ ದಿಕ್ಕಿನಿಂದ ಕೂಗಿತು, ದಕ್ಷಿಣದಿಂದ ಕೂಗಿದರೆ ಸಾವು ಅನ್ನುತ್ತಿದ್ದಳು ಅಜ್ಜಿ, ಮುಖ ತಿರುಗಿಸಲಿಲ್ಲ, ದಿಕ್ಕು ತಿಳಿಯುವುದು ಬೇಡ, ದೂರದಲ್ಲಿ ದೊಡ್ಡ ರಸ್ತೆಯ ಮೊರೆತ, ಅದರೊಳಗಿಂದ ಒಂದು ಎಳೆ ಬೇರೆಯಾಗುತ್ತದೆಯೇ ಎಂದು ಕಿವಿಯನ್ನೇ ಚಾಚಿದಳು, ಲಾರಿ, ಇನ್ನೊಂದು ಲಾರಿ, ಬ್ರೇಕು ಕಿರುಚಿದ್ದೇ ಅದು, ಅಲ್ಲ, ಕಾಗೆ, ಟೂರೆಯ ಕೊನೆಯ ವಾರಗಳಲ್ಲೂ ಹೀಗೇ ಹೊಸ್ತಿಲಲ್ಲಿ ನಿಂತು ಕಿವಿಗೊಡುತ್ತಿದ್ದಳು, ಉಸ್ಸ್, ಇದ್ದಾನೆ, ಉಸ್ಸ್, ಇನ್ನೂ ಇದ್ದಾನೆ, ಎರಡರ ನಡುವಿನ ಖಾಲಿ ದಿನದಿನಕ್ಕೆ ಉದ್ದವಾಗುತ್ತ —

ಆಮೇಲೆ ಕುಂಟ ಓಡಿಬಂದ. ಅವಳಿಗೆ ಮೊದಲು ನಂಬಿಕೆ ಬರಲಿಲ್ಲ, ಸದ್ದು ಗುಡ್ಡದ ಹಿಂದೆ ಅಡಗಿತು, ಸತ್ತಿತು ಅಂದುಕೊಂಡಳು, ಮತ್ತೆ ಎದ್ದಿತು, ಎರಡು ಹೆಜ್ಜೆ ಇಟ್ಟು ಒಂದು ಮರೆತು, ಬಿಕ್ಕದೆ, ಒಂದು ಸಲವೂ ಬಿಕ್ಕದೆ, ಉದ್ದನೆಯ ಮುಂಗಾಲು ತಿರುವಿನಲ್ಲಿ ಕಾಣಿಸಿತು, ಅದರ ಹಿಂದೆ ಮಗಳು, ಇಡಿಯಾಗಿ, ಎರಡು ಕೈ, ಎರಡು ಕಾಲು, ಗೇಟಿನೊಳಗೆ ಬಂದು ನಿಲ್ಲಿಸಿ ಹೆಲ್ಮೆಟು ತೆಗೆದಳು, ಕೂದಲು ಹಣೆಗೆ ಅಂಟಿದೆ, ಬೈಬೇಡಮ್ಮಾ, ಮೊದಲು ಕೇಳು, ಬೈಬೇಡ. ಬೋರ್ಯೆ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಡಾಗ್ನಿ ಟ್ಯಾಂಕು ನೋಡಿದಳು. ಅದರ ಬಾಯಿಗೆ ಬೂದು ಉಣ್ಣೆಯ ಕಾಲುಚೀಲ ತುರುಕಿದೆ, ಕಾಲುಚೀಲ ನೆನೆದು ತೊಟ್ಟಿಕ್ಕುತ್ತಿದೆ, ಪದರದ ಮೇಲೆ ಪದರ ಬಳಿದ ಆ ಕಡುಗೆಂಪಿನ ಮೇಲೆ ಪೆಟ್ರೋಲು ಹರಿದ ಜಾಡು, ಕಣ್ಣೀರು ಒಣಗಿದ ಕೆನ್ನೆಯ ಹಾಗೆ ಮಾಸಿದೆ. ಮುಚ್ಚಳ ಎಲ್ಲೇ. ಅದೇ ಹೇಳ್ತಿದೀನಿ, ಪೆಟ್ರೋಲು ನೋಡೋಕೆ ತೆಗ್ದು, ಫೋನಿನಲ್ಲಿ ಮಾತಾಡ್ತಾ ಬೆಂಚಿನ ಮೇಲೆ ಇಟ್ಟೆ, ನೀನು ಗಟ್ಟಿಯಾಗಿ ಹಾಕು ಅಂದೆ, ನಾನು ಆಯ್ತು ಅಂದೆ, ಅಷ್ಟರಲ್ಲಿ ಬಸ್ಸು ಬಂತು, ಡ್ರೈವರು ಬೈಕು ತೆಗಿ ತೆಗಿ ಅಂತ ಹಾರನ್ನು ಬಾರಿಸ್ದ, ಒದ್ದೆ, ಹೊರಟೆ, ತಂತಿ ರಸ್ತೆಗೆ ಬಂದ್ಮೇಲೆ ತೊಡೆ ತಣ್ಣಗಾಯ್ತು, ನೋಡ್ತೀನಿ, ಮುಚ್ಚಳವೇ ಇಲ್ಲ, ಹಿಂದೆ ತಿರುಗೋಕೆ ಎಲ್ಲಿ ಆಗುತ್ತೆ ಅಲ್ಲಿ, ಒಂದು ಕೈ ಟ್ಯಾಂಕಿನ ಬಾಯಿಗೆ ಅಡ್ಡ ಇಟ್ಕೊಂಡು ದಾಟಿದೆ, ಆಮೇಲೆ ನಿಲ್ಸಿ ಕಾಲುಚೀಲ ತುರುಕ್ದೆ, ಆದ್ರೆ ಅಮ್ಮಾ, ಒಂದು ಸಲ ಕೂಡ ಸಾಯ್ಲಿಲ್ಲ ಗೊತ್ತಾ, ಬಟ್ಟೆ ಕ್ಲಿಪ್ಪು ಕೊನೇಗೂ ಕೆಲಸ ಮಾಡ್ತು. ಬೋರ್ಯೆ ಹೊಸ್ತಿಲ ಮೇಲೆ ಕುಸಿದು ಕೂತ. ಅಪ್ಪನ ಹಿಡಿ, ಅಮ್ಮ, ಯಾರಾದ್ರೂ ಎತ್ಕೊಂಡು ಹೋಗಿರ್ತಾರೆ, ಈಗ್ಲೇ ಹೋಗಿ ತರೋಣ, ಯಾಕಮ್ಮ ಹಾಗೆ ನೋಡ್ತೀಯಾ, ಬೈಯಾದ್ರೂ ಬೈಯಿ. ಡಾಗ್ನಿ ಮಗಳ ಕೈ ಹಿಡಿದುಕೊಂಡಳು, ಪೆಟ್ರೋಲಿನ ವಾಸನೆಯ ಕೈ, ಅದರ ಅಗಲ ಹೆಬ್ಬೆರಳು ತನ್ನ ಅಂಗೈಯೊಳಗೆ ಬೆಚ್ಚಗೆ, ಒತ್ತಿದಳು, ಇದೆ, ಮತ್ತೆ ಒತ್ತಿದಳು, ಇದೆ, ಒಳಗಿನಿಂದ ದೋಸೆ ಸೀದ ವಾಸನೆ, ಹೇಳಬೇಕು, ಎಲ್ಲ ಹೇಳಬೇಕು, ಎಲ್ಲಿಂದ ಶುರು ಮಾಡುವುದು, ಚರ್ಚಿನ ತಿರುವು, ಬಸ್ಸು ಹೊರಟುಹೋದ ನಿಲ್ದಾಣ, ಖಾಲಿ ಬೆಂಚು, ಬೆಂಚಿನ ಮೇಲೆ ಸಂಜೆ ಬಿಸಿಲಿಗೆ ಮಿಣುಗುವ ಒಂದು ಮುಚ್ಚಳ, ದಿಮ್ಮಿ ಲಾರಿಯೊಂದು ಹಾದುಹೋದಾಗ ಹಲಗೆ ನಡುಗಿ ಅದೂ ಸಣ್ಣಗೆ ನಡುಗುತ್ತದೆ, ನಿಲ್ಲುತ್ತದೆ, ನೆತ್ತಿಯ ಮೇಲೆ ತಾಮ್ರದ ಹಿಡಿ, ಆ ಹಿಡಿಯ ಮೇಲೆ ಯಾರ ಹೆಬ್ಬೆರಳೂ ಇಲ್ಲ, ಯಾರ ಹೆಬ್ಬೆರಳೂ —